ಅಪು ಮಾತು ನಿಲ್ಲಿಸುವ ಮುನ್ನ: ಟಿ.ವಿ. ಹಾಸ್ಯದೊಳಗಿನ ಪೂರ್ವಗ್ರಹದ ಹಿನ್ನೆಲೆ

ಅಮೆರಿಕದ ಕಾರ್ಟೂನ್ ಸರಣಿ 'ದಿ ಸಿಂಪ್ಸನ್ಸ್'ನಲ್ಲಿ ಅಂಗಡಿ ನಡೆಸುವ ಭಾರತೀಯ ಅಪುವಿಗೆ ಸುಮಾರು ಮೂರು ದಶಕ ದನಿ ಕೊಟ್ಟಿದ್ದ ನಟ ಹ್ಯಾಂಕ್ ಅಜಾರಿಯಾ, ಇನ್ನು ಮುಂದೆ ಆ ಕೆಲಸ ಮಾಡುವುದಿಲ್ಲ ಎಂದು 2020ರ ಜನವರಿಯಲ್ಲಿ ಹೇಳಿದರು. ಅದೇ ವರ್ಷದ ಜೂನ್‌ನಲ್ಲಿ, ಅಮೆರಿಕದ ಪೊಲೀಸರ ಕೈಯಲ್ಲಿ ನಡೆದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧದ ಪ್ರತಿಭಟನೆಗಳ ನಡುವೆ, ನಟರು ಮುಖಕ್ಕೆ ಬಣ್ಣ ಬಳಿದುಕೊಂಡಿದ್ದ ಹಾಸ್ಯ ಸರಣಿ 'ಲಿಟಲ್ ಬ್ರಿಟನ್'ಅನ್ನು ಬಿಬಿಸಿ ಮತ್ತು ನೆಟ್‌ಫ್ಲಿಕ್ಸ್ ತಮ್ಮ ಸಂಗ್ರಹದಿಂದ ತೆಗೆದುಹಾಕಿದವು. 1975ರ ಹಾಸ್ಯ ಸರಣಿ 'ಫಾಲ್ಟಿ ಟವರ್ಸ್'ನ, ಜನಾಂಗೀಯ ಬೈಗುಳಗಳಿದ್ದ ಒಂದು ಕಂತು ಬ್ರಿಟನ್ನಿನಲ್ಲಿ ಕಾಣೆಯಾಗಿ, ಗದ್ದಲವೆದ್ದ ಮೇಲೆ ಎಚ್ಚರಿಕೆಯ ಸಾಲೊಂದನ್ನು ಹೊತ್ತು ಮರಳಿತು. ಅಂದಿನಿಂದ ವಾದ ನಡೆದೇ ಇದೆ. ಹಾಸ್ಯಕ್ಕೂ ಬೇಡಿ ತೊಡಿಸುತ್ತಿದ್ದಾರೆ ಎಂದು ಒಂದು ಕಡೆಯವರು, ಇಷ್ಟು ತಡವಾಗಿಯಾದರೂ ಆಯಿತಲ್ಲ ಎಂದು ಇನ್ನೊಂದು ಕಡೆಯವರು. ಮುಖಕ್ಕೆ ಬಣ್ಣ ಬಳಿದುಕೊಂಡು ಜನಾಂಗವೊಂದನ್ನು ಅಣಕಿಸುವುದು, ಪೂರ್ವಗ್ರಹಿಯೊಬ್ಬನನ್ನು ಪಾತ್ರವಾಗಿಸಿ ಅವನನ್ನೇ ಗೇಲಿ ಮಾಡುವುದು, ಉಚ್ಚಾರಣೆಯೊಂದನ್ನೇ ಹಾಸ್ಯವೆಂದು ಮಾರುವುದು, ಈ ಮೂರೂ ಆ ವಾದದಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಬಿಡಿಸಿ ನೋಡಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಣ್ಣ ಬಳಿದುಕೊಳ್ಳುವ ಅಣಕ ಟಿ.ವಿ.ಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರಂಗಮಂಚದಲ್ಲಿ ಬೆಳೆದು, 1928ರಲ್ಲಿ 'ಏಮಸ್ ಅಂಡ್ ಆ್ಯಂಡಿ'ಯ ಮೂಲಕ ರೇಡಿಯೊಗೆ ಬಂತು. ಅಲ್ಲಿ ಕಪ್ಪು ಜನರ ಪಾತ್ರಗಳನ್ನು ಇಬ್ಬರು ಬಿಳಿಯ ನಟರೇ ಆಡಿದರು. 1951ರ ಟಿ.ವಿ. ರೂಪಕ್ಕೆ ಕಪ್ಪು ನಟರನ್ನು ತಂದರೂ ಪಾತ್ರಗಳು ಬದಲಾಗಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಗಳು ವಿರೋಧಿಸಿದವು, ಎರಡು ವರ್ಷದಲ್ಲಿ ಅದು ನಿಂತಿತು, ಮರುಪ್ರಸಾರ ಮಾತ್ರ 1966ರವರೆಗೂ ಮುಂದುವರಿಯಿತು. ಬ್ರಿಟನ್ನಿನಲ್ಲಿ ಬಿಬಿಸಿ 'ದಿ ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ'ವನ್ನು 1958ರಿಂದ 1978ರವರೆಗೆ ನಡೆಸಿತು. 1967ರಲ್ಲೇ ಅದನ್ನು ನಿಲ್ಲಿಸಿ ಎಂಬ ಮನವಿ ಹೋಗಿತ್ತು. 'ಆ ಕಾಲದಲ್ಲಿ ಯಾರಿಗೂ ಇದು ತಪ್ಪೆನಿಸಿರಲಿಲ್ಲ' ಎಂಬ ಮಾತು ಪದೇ ಪದೇ ಕೇಳಿಬರುವುದರಿಂದ ಈ ಇಸವಿಗಳನ್ನು ನೆನಪಿಡುವುದು ಒಳ್ಳೆಯದು. ತಪ್ಪೆನಿಸಿದವರು ಆಗಲೂ ಇದ್ದರು, ಆಗಲೇ ಹೇಳಿದ್ದರು.

ಇಂದಿನ ಜಗಳದ ಬೇರುಗಳು ಬಹಳಷ್ಟು ಇರುವುದು 1965ರಿಂದ 1979ರವರೆಗಿನ ಬ್ರಿಟನ್ನಿನಲ್ಲಿ. ಕೆರಿಬಿಯನ್, ಭಾರತ, ಪಾಕಿಸ್ತಾನಗಳಿಂದ ಬಂದವರು ಅಲ್ಲಿನ ಕಾರ್ಖಾನೆ, ಆಸ್ಪತ್ರೆ, ಬಸ್ಸುಗಳಲ್ಲಿ ದುಡಿಯುತ್ತಿದ್ದರು. 1968ರಲ್ಲಿ ಸಂಸದ ಈನಕ್ ಪೊವೆಲ್ ವಲಸೆಯ ವಿರುದ್ಧ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ ಭಾಷಣ ದೇಶವನ್ನು ಇಬ್ಭಾಗ ಮಾಡಿತ್ತು. 1972ರಲ್ಲಿ ಉಗಾಂಡದಿಂದ ಹೊರದಬ್ಬಿಸಿಕೊಂಡ ಏಷ್ಯನ್ನರು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿದರು. ಟಿ.ವಿ.ಯಲ್ಲಿ ಇದ್ದದ್ದು ಮೂರೇ ವಾಹಿನಿ. ರಾತ್ರಿ ಪ್ರಸಾರವಾದ ಹಾಸ್ಯವನ್ನು ಅರ್ಧ ದೇಶ ನೋಡಿರುತ್ತಿತ್ತು, ಬೆಳಿಗ್ಗೆ ಅದು ಶಾಲೆಯ ಅಂಗಳದಲ್ಲೂ ಕಾರ್ಖಾನೆಯ ಊಟದ ಕೋಣೆಯಲ್ಲೂ ಮರುಕಳಿಸುತ್ತಿತ್ತು. ಇಂದು ಒಬ್ಬೊಬ್ಬರೇ ತಮ್ಮ ಮೊಬೈಲಿನಲ್ಲಿ ನೋಡುವ ಹಾಸ್ಯಕ್ಕೆ ಅಂಥ ತೂಕವಿಲ್ಲ.

ಈ ಕಾಲದ ಮುಖ್ಯ ಪಾತ್ರ 'ಟಿಲ್ ಡೆತ್ ಅಸ್ ಡು ಪಾರ್ಟ್'ನ ಆಲ್ಫ್ ಗಾರ್ನೆಟ್. ವಲಸಿಗರು, ಯಹೂದಿಗಳು, ಹೆಂಗಸರು, ಕಾರ್ಮಿಕ ಸಂಘಗಳು, ಎಲ್ಲರ ಮೇಲೂ ಬಾಯಿಗೆ ಬಂದಂತೆ ಹರಿಹಾಯುವ ಲಂಡನ್ನಿನ ಕೂಲಿಕಾರ. ಬರೆದ ಜಾನಿ ಸ್ಪೈಟ್ ಅವನನ್ನು ಮೂರ್ಖನೆಂದು ತೋರಿಸಲು ಹೊರಟಿದ್ದರು. ಪಾತ್ರ ಮಾಡಿದ ವಾರೆನ್ ಮಿಚೆಲ್ ಸ್ವತಃ ಯಹೂದಿ. ಆದರೆ ವಲಸಿಗರಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದಿರಿ ಎಂದು ಬೆನ್ನು ತಟ್ಟಲು ಬರುತ್ತಿದ್ದವರಿಗೆ, ನಾನು ಗೇಲಿ ಮಾಡುತ್ತಿರುವುದು ನಿಮ್ಮಂಥವರನ್ನೇ ಎಂದು ಮಿಚೆಲ್ ವಿವರಿಸಬೇಕಾಗುತ್ತಿತ್ತು. ಉದ್ದೇಶ ಒಳ್ಳೆಯದೇ. ತೊಡಕು ಇದ್ದದ್ದು ಕಟ್ಟೋಣದಲ್ಲಿ. ನಗು ಬರಿಸುವ ಸಾಲುಗಳೆಲ್ಲ ಆಲ್ಫ್‌ನ ಪಾಲಿಗೆ ಬಂದಿದ್ದವು. ಅವನಿಗೆ ಎದುರು ವಾದಿಸುವ ಅಳಿಯನ ಮಾತು ನ್ಯಾಯವಾಗಿದ್ದರೂ ಸಪ್ಪೆ. ಮಾತಿನಲ್ಲಿ ಗೆಲ್ಲುವವನನ್ನು ಪ್ರೇಕ್ಷಕ ಪ್ರೀತಿಸುತ್ತಾನೆ, ಅವನ ಸಿದ್ಧಾಂತ ಏನೇ ಇರಲಿ.

ಈ ಸರಣಿಯ ಅಮೆರಿಕನ್ ರೂಪವೇ 1971ರಲ್ಲಿ ಆರಂಭವಾದ 'ಆಲ್ ಇನ್ ದ ಫ್ಯಾಮಿಲಿ'. ನಿರ್ಮಾಪಕ ನಾರ್ಮನ್ ಲಿಯರ್. ನಮ್ಮ ದೌರ್ಬಲ್ಯ, ಪೂರ್ವಗ್ರಹಗಳು ಎಷ್ಟು ಅಸಂಬದ್ಧವೆಂದು ನಗುವಿನ ಮೂಲಕ ತೋರಿಸುತ್ತಿದ್ದೇವೆ ಎಂಬ ಪ್ರಕಟಣೆಯೊಂದಿಗೆ ಸಿಬಿಎಸ್ ವಾಹಿನಿ ಅದರ ಮೊದಲ ಕಂತನ್ನು ಪ್ರಸಾರ ಮಾಡಿತು. ಪೂರ್ವಗ್ರಹವನ್ನು ಮುದ್ದಾಗಿಸಿ ಮನೆಗೆ ಕರೆದಂತಾಯಿತು ಎಂದು ಲೇಖಕಿ ಲಾರಾ ಹಾಬ್ಸನ್ ಅದೇ ವರ್ಷ ಟೀಕಿಸಿದರು. 1974ರಲ್ಲಿ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೊಕೀಚ್ ಇದನ್ನು ಅಧ್ಯಯನಕ್ಕೆ ಒಡ್ಡಿದರು. ಪೂರ್ವಗ್ರಹ ಹೆಚ್ಚಿದ್ದ ವೀಕ್ಷಕರು ನಾಯಕ ಆರ್ಚಿ ಬಂಕರ್‌ನನ್ನು ಮೆಚ್ಚುವ ಸಾಧ್ಯತೆಯೇ ಹೆಚ್ಚು ಎಂದು ಕಂಡುಬಂತು. ಒಂದೇ ದೃಶ್ಯ, ಒಂದೇ ಸಂಭಾಷಣೆ. ಒಬ್ಬನಿಗೆ ಅದು ವ್ಯಂಗ್ಯ, ಇನ್ನೊಬ್ಬನಿಗೆ ತನ್ನ ಮನದ ಮಾತು.

ಹೀಗೆ ವ್ಯಂಗ್ಯದ ದಾರಿ ಎಡವುತ್ತಿದ್ದಾಗಲೇ ಉಚ್ಚಾರಣೆಯ ಹಾಸ್ಯ ಬೆಳೆಯಿತು. 1969ರ 'ಕರಿ ಅಂಡ್ ಚಿಪ್ಸ್'ನಲ್ಲಿ, ನಮ್ಮ ಅಹಮದ್‌ನಗರದಲ್ಲೇ ಹುಟ್ಟಿದ್ದ ಸ್ಪೈಕ್ ಮಿಲಿಗನ್ ಕಂದು ಬಣ್ಣ ಬಳಿದುಕೊಂಡು ಪಾಕಿಸ್ತಾನಿ ಕಾರ್ಮಿಕನಾದರು. ಆರೇ ಕಂತಿಗೆ ನಿಯಂತ್ರಣ ಪ್ರಾಧಿಕಾರ ಅದನ್ನು ನಿಲ್ಲಿಸಿತು. 1974ರಲ್ಲಿ ಬಂದ 'ಇಟ್ ಏಯ್ನ್ಟ್ ಹಾಫ್ ಹಾಟ್ ಮಮ್' ನಾಸಿಕ್ ಬಳಿಯ ದೇವಳಾಲಿಯ ಬ್ರಿಟಿಷ್ ಸೇನಾ ಶಿಬಿರದ ಕಥೆ. ಅದರಲ್ಲಿ ರಂಗಿ ರಾಮ್ ಎಂಬ ಸೇವಕನಾಗಿ ಬಣ್ಣ ಬಳಿದುಕೊಂಡವರು ಝಾನ್ಸಿಯಲ್ಲಿ ಹುಟ್ಟಿದ ಬಿಳಿಯ ನಟ ಮೈಕೆಲ್ ಬೇಟ್ಸ್. ಅವರಿಗೆ ಉರ್ದು ಬರುತ್ತಿತ್ತು, ತಕ್ಕ ಏಷ್ಯನ್ ನಟರು ಆಗ ಸಿಗಲಿಲ್ಲ ಎಂಬುದು ತಯಾರಕರ ಸಮರ್ಥನೆ. ಅದೇ ಸರಣಿಯಲ್ಲಿ ಚಹಾ ಮಾರುವವನಾಗಿ ಢಾಕಾ ಮೂಲದ ದೀನೊ ಶಫೀಕ್ ನಟಿಸುತ್ತಿದ್ದರು ಎಂಬುದನ್ನು ನೋಡಿದರೆ ಈ ಸಮರ್ಥನೆ ಅರ್ಧ ಮಾತ್ರ ನಿಲ್ಲುತ್ತದೆ.

ಇದೇ ಶಫೀಕ್ 1977ರಲ್ಲಿ 'ಮೈಂಡ್ ಯುವರ್ ಲ್ಯಾಂಗ್ವೇಜ್'ನ ಅಲಿ ಆದರು. ವಯಸ್ಕ ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಗತಿ ಅದು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ದೇಶ, ಒಂದೊಂದು ಚಟ, ಒಂದೊಂದು ಪಲ್ಲವಿ. ಸಿಖ್ ರಂಜೀತ್ ಕೈಮುಗಿದು ಸಾವಿರ ಕ್ಷಮೆ ಕೇಳುತ್ತಾನೆ, ಪಾಕಿಸ್ತಾನದ ಅಲಿಯೊಂದಿಗೆ ಜಗಳವಾಡುತ್ತಾನೆ, ಭಾರತದ ಗೃಹಿಣಿ ಜಮೀಲಾ ಹೆಣಿಗೆ ಹಾಕುತ್ತ ಕೂರುತ್ತಾಳೆ. ಸರಣಿಯಲ್ಲಿ ದ್ವೇಷವಿಲ್ಲ, ಮೇಷ್ಟರು ಸಂಭಾವಿತ. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಜನ ಅದನ್ನು ಪ್ರೀತಿಯಿಂದ ನೋಡಿದರು, ಈಗಲೂ ನೋಡುತ್ತಾರೆ. ಆದರೆ ಮೂರು ವರ್ಷ ಕಳೆದರೂ ಆ ವಿದ್ಯಾರ್ಥಿಗಳು ಒಂದಿಂಚು ಬೆಳೆಯುವುದಿಲ್ಲ. ಕಲಿತುಬಿಟ್ಟರೆ ಹಾಸ್ಯವೇ ಮುಗಿಯುತ್ತದೆ. 1979ರಲ್ಲಿ ವಾಹಿನಿಯ ಅಧಿಕಾರಿ ಮೈಕೆಲ್ ಗ್ರೇಡ್ ಇಂಥ ಪಡಿಯಚ್ಚುಗಳು ಸಲ್ಲವೆಂದು ಅದನ್ನು ನಿಲ್ಲಿಸಿದರು. ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಈ ತೀರ್ಮಾನವನ್ನು ಕಂಡವರು 2020ರದ್ದನ್ನು ಹೊಸ ತಲೆಮಾರಿನ ಅತಿಸೂಕ್ಷ್ಮತೆ ಎನ್ನಲಾರರು.

ಹಾನಿ ಎಲ್ಲಿ ಆಗುತ್ತದೆ? 2004ರಲ್ಲಿ ಥಾಮಸ್ ಫೋರ್ಡ್ ಮತ್ತು ಮಾರ್ಕ್ ಫರ್ಗುಸನ್ ಎಂಬ ಮನೋವಿಜ್ಞಾನಿಗಳು ಮಂಡಿಸಿದ ವಾದ ಇಲ್ಲಿ ನೆರವಾಗುತ್ತದೆ. ಹೀಯಾಳಿಸುವ ಹಾಸ್ಯ ಹೊಸದಾಗಿ ಪೂರ್ವಗ್ರಹವನ್ನು ಹುಟ್ಟಿಸಲಾರದು. ಮೊದಲೇ ಅದು ಮನಸ್ಸಿನಲ್ಲಿದ್ದವರಿಗೆ, ಇಲ್ಲಿ ತೋರಿಸಿಕೊಂಡರೆ ತಪ್ಪಿಲ್ಲ ಎಂಬ ಪರವಾನಗಿ ಕೊಡುತ್ತದೆ. 1950ರ ದಶಕದ ಆರಂಭದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ಎಂಜಿನಿಯರ್ ರೂಪಿಸಿದ ನಗೆಯ ಯಂತ್ರ, ಮುದ್ರಿತ ನಗುವನ್ನು ಬೇಕಾದಲ್ಲಿ ಸೇರಿಸುವ ಅನುಕೂಲ ಕೊಟ್ಟಿತು. ಮನೆಯಲ್ಲಿ ಒಬ್ಬನೇ ಕುಳಿತವನಿಗೂ ಸುತ್ತ ಎಲ್ಲರೂ ನಗುತ್ತಿರುವಂತೆ ಕೇಳಿಸುತ್ತದೆ. ಪರವಾನಗಿಗೆ ಇನ್ನೇನು ಬೇಕು? 2017ರಲ್ಲಿ ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು ಅಪುವಿನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ದಕ್ಷಿಣ ಏಷ್ಯಾ ಮೂಲದ ನಟರು ಹೇಳುವುದು ಇದನ್ನೇ. ಟಿ.ವಿ.ಯಲ್ಲಿ ತಮ್ಮಂತೆ ಕಾಣುವ ಪಾತ್ರ ಅದೊಂದೇ ಆಗಿತ್ತು, ಶಾಲೆಯಲ್ಲಿ ಅದರ ದನಿಯಿಂದಲೇ ತಮ್ಮನ್ನು ಅಣಕಿಸುತ್ತಿದ್ದರು. ಮರುವರ್ಷ 'ದಿ ಸಿಂಪ್ಸನ್ಸ್' ಇದಕ್ಕೆ ಕೊಟ್ಟ ಉತ್ತರ, ಹಿಂದೆ ಚಪ್ಪಾಳೆ ಗಿಟ್ಟಿಸಿದ್ದು ಈಗ ತಪ್ಪಾಗಿಬಿಟ್ಟಿದೆ, ಏನು ಮಾಡಲಾದೀತು ಎಂಬ ಧಾಟಿಯಲ್ಲಿತ್ತು. ಕೇಳಿದ ಪ್ರಶ್ನೆಗೆ ಅದು ಉತ್ತರವೇ ಆಗಿರಲಿಲ್ಲ.

ಬೇರೆ ದಾರಿ ಇತ್ತೇ? ಇತ್ತು. 1996ರಲ್ಲಿ ರೇಡಿಯೊದಲ್ಲಿ ಆರಂಭವಾಗಿ 1998ರಲ್ಲಿ ಬಿಬಿಸಿ ಟಿ.ವಿ.ಗೆ ಬಂದ 'ಗುಡ್‌ನೆಸ್ ಗ್ರೇಶಸ್ ಮಿ'ಯನ್ನು ಬರೆದು ಆಡಿದವರಲ್ಲಿ ಭಾರತೀಯ ಮೂಲದ ಬ್ರಿಟಿಷ್ ಕಲಾವಿದರಾದ ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್ ಇದ್ದರು. ಕುಡಿದ ಭಾರತೀಯರ ಗುಂಪು ಮುಂಬೈಯ ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಇರುವುದರಲ್ಲೇ ಅತ್ಯಂತ ಸಪ್ಪೆ ತಿನಿಸು ಕೊಡಿ ಎಂದು ಮಾಣಿಯನ್ನು ಕಾಡುವ ದೃಶ್ಯ ಅದರಲ್ಲಿದೆ. ಶುಕ್ರವಾರದ ರಾತ್ರಿ ಬ್ರಿಟನ್ನಿನ ಭಾರತೀಯ ಹೋಟೆಲುಗಳಲ್ಲಿ ಕುಡಿದ ಬಿಳಿಯರು ನಡೆಸುತ್ತಿದ್ದುದನ್ನು ಹಾಗೆಯೇ ತಿರುಗಿಸಿಟ್ಟ ಈ ದೃಶ್ಯದಲ್ಲಿ ಉಚ್ಚಾರಣೆಯೂ ಇತ್ತು, ಪಡಿಯಚ್ಚೂ ಇತ್ತು. ನೋಡುವ ಕಣ್ಣು ಮಾತ್ರ ಮಾಣಿಯ ಕಡೆಗೆ ಬಂದಿತ್ತು. ಇಲ್ಲೂ ಪೂರ್ತಿ ಭರವಸೆ ಇಲ್ಲ. 2005ರಲ್ಲಿ ಅಮೆರಿಕದ ಕಪ್ಪು ಹಾಸ್ಯನಟ ಡೇವ್ ಶಪೆಲ್ ತಮ್ಮ ಜನಪ್ರಿಯ ಕಾರ್ಯಕ್ರಮವನ್ನು ನಡುವೆಯೇ ಬಿಟ್ಟು ಹೋದರು. ಜನಾಂಗದ ಬಗೆಗಿನ ದೃಶ್ಯವೊಂದರ ಚಿತ್ರೀಕರಣದಲ್ಲಿ ಬಿಳಿಯನೊಬ್ಬ ನಕ್ಕ ರೀತಿ ತಮ್ಮನ್ನು ಕಲಕಿತು ಎಂದು ಮುಂದೆ ಹೇಳಿದರು.

'ಮೈಂಡ್ ಯುವರ್ ಲ್ಯಾಂಗ್ವೇಜ್' 1993ರಲ್ಲಿ ದೂರದರ್ಶನದಲ್ಲಿ 'ಜಬಾನ್ ಸಂಭಾಲ್ ಕೇ' ಎಂಬ ಹೆಸರಿನಲ್ಲಿ ಹಿಂದಿಗೆ ಬಂತು. ಇಂಗ್ಲಿಷಿನ ಜಾಗದಲ್ಲಿ ಹಿಂದಿ, ವಿದೇಶಿಯರ ಜೊತೆಗೆ ಭಾರತದ ಬೇರೆ ಬೇರೆ ಭಾಷೆಯವರು. ದಕ್ಷಿಣದವರೆಲ್ಲರನ್ನೂ ಒಂದೇ 'ಮದ್ರಾಸಿ' ಉಚ್ಚಾರಣೆಗೆ ಇಳಿಸುವ ಹಿಂದಿ ಹಾಸ್ಯ ಅದಕ್ಕೂ ಮೊದಲಿನದು, ಇಂದಿಗೂ ಹೋಗಿಲ್ಲ. ಅದನ್ನು ಕಂಡಾಗ ಕನ್ನಡಿಗರಿಗೆ ಬರುವ ಸಿಟ್ಟು ನ್ಯಾಯವಾದದ್ದು. ನಮ್ಮ ಹಾಸ್ಯ ಕಾರ್ಯಕ್ರಮಗಳಲ್ಲಿ ಈಶಾನ್ಯದ ಕಾವಲುಗಾರ, ಮಾರ್ವಾಡಿ ಸೇಟು, ಹೆಣ್ಣುವೇಷದ ಗಂಡಸು, ಕಪ್ಪು ಮೈಬಣ್ಣದ ಗೆಳತಿ ಇಂದಿಗೂ ನಗೆಯ ಸರಕಾಗಿದ್ದಾರೆ. ಅವರ ಸಂಭಾಷಣೆ ಬರೆಯುವ ಕೋಣೆಯಲ್ಲಿ ಅವರಂಥವರು ಎಷ್ಟು ಮಂದಿ ಕುಳಿತಿದ್ದಾರೆ ಎಂದು ಕೇಳುವ ರೂಢಿ ಇಲ್ಲಿ ಇನ್ನೂ ಬಂದಿಲ್ಲ.