ಬೈಕಿಗೆ ಎಥೆನಾಲ್ ಬಂತು, ಕಬ್ಬಿನ ಟ್ರ್ಯಾಕ್ಟರ್‌ಗೆ ಏನು?

ಜಮಖಂಡಿಯಲ್ಲಿ ಗ್ಯಾರೇಜ್ ನಡೆಸುವ ನನಗೆ ಈಗ ದಿನಾ ಕೇಳಿಬರುವ ದೂರು ಒಂದೇ. "ಗಾಡಿ ಮೊದಲಿನಂಗ ಆವರೇಜ್ ಕೊಡವಲ್ದು ಸರ. ಪೆಟ್ರೋಲ್‌ನ್ಯಾಗ ನೀರು ಹಾಕ್ಯಾರೇನ್ರಿ?" ಕೆಲವರು ಬಾಟಲಿಯಲ್ಲಿ ಪೆಟ್ರೋಲ್ ತಂದು, ನೀರು ಸೇರಿಸಿ, ಕುಲುಕಿ ತೋರಿಸುತ್ತಾರೆ. ಅಳತೆ ಗಾಜಿನಲ್ಲಿ 90 ಮಿ.ಲೀ. ಪೆಟ್ರೋಲ್‌ಗೆ 10 ಮಿ.ಲೀ. ನೀರು ಹಾಕಿ ಕುಲುಕಿ ಬಿಟ್ಟರೆ ತಳದಲ್ಲಿ ನಿಲ್ಲುವುದು 10 ಅಲ್ಲ, ಹೆಚ್ಚುಕಡಿಮೆ 28 ಮಿ.ಲೀ. ಪದರ. ಹೆಚ್ಚಾದದ್ದು ನೀರಲ್ಲ. ಪೆಟ್ರೋಲ್‌ಗೆ ಬೆರೆಸಿದ್ದ ಎಥೆನಾಲ್ (ಕಬ್ಬು, ಧಾನ್ಯದಿಂದ ಮಾಡುವ ಮದ್ಯಸಾರ) ನೀರಿನ ಜೊತೆ ಸೇರಿ ಕೆಳಗಿಳಿದಿದೆ. 90ರಲ್ಲಿ 18 ಅಂದರೆ 20 ಪರ್ಸೆಂಟ್. ಈಗ ಪೆಟ್ರೋಲ್‌ಗೆ ಬೆರೆಸುವುದೂ ಅಷ್ಟೇ. ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ?

2003ರಲ್ಲಿ ಕೆಲವು ರಾಜ್ಯಗಳಲ್ಲಿ 5 ಪರ್ಸೆಂಟ್‌ನಿಂದ ಶುರುವಾದ, ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವ ಸರ್ಕಾರಿ ಯೋಜನೆ ಇದು. 2022ರ ಜೂನ್‌ನಲ್ಲಿ 10 ಮುಟ್ಟಿತು. 20 ಪರ್ಸೆಂಟ್‌ಗೆ ಮೊದಲು 2030ರ ಗಡುವಿತ್ತು, 2025ರಲ್ಲೇ ಆಯಿತು. ಗಾಡಿಗಳು ಬದಲಾಗುವುದಕ್ಕಿಂತ ಪೆಟ್ರೋಲ್ ಬೇಗ ಬದಲಾಯಿತು. ತೊಂದರೆ ಬಂದದ್ದು ಅಲ್ಲಿ.

ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಪಾಲು ಮಾತ್ರ. 20 ಪರ್ಸೆಂಟ್ ಬೆರೆಸಿದರೆ ಶುದ್ಧ ಪೆಟ್ರೋಲ್‌ಗಿಂತ 6-7 ಪರ್ಸೆಂಟ್ ಶಕ್ತಿ ಕಡಿಮೆ. 10 ಪರ್ಸೆಂಟ್ ಇದ್ದ ಪೆಟ್ರೋಲ್‌ಗೆ ಹೋಲಿಸಿದರೆ 3-4 ಪರ್ಸೆಂಟ್. ಆವರೇಜ್ 50ರಿಂದ 48ಕ್ಕೆ ಬಂದರೆ ಎಥೆನಾಲ್ ಅನ್ನಬಹುದು. 38ಕ್ಕೆ ಇಳಿದರೆ ಕಾರಣ ಬೇರೆ ಇದೆ. ಏರ್ ಫಿಲ್ಟರ್ ತೆಗೆದು ನೋಡಿಸಿ, ಟೈರಿನ ಗಾಳಿ ನೋಡಿಸಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿಸಿ.

2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಬೈಕುಗಳಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಇಂಧನ ಎಷ್ಟು ಬಿಡಬೇಕು ಅನ್ನುವುದನ್ನು ಅದರ ಲೆಕ್ಕದಲ್ಲಿ ಗಾಡಿಯೇ ಹೊಂದಿಸಿಕೊಳ್ಳುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಗಾಡಿಗೆ ಅದು ಆಗದು. ಪೆಟ್ರೋಲ್ ಬಿಡುವ ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ. ಗಾಳಿ ಜಾಸ್ತಿ, ಇಂಧನ ಕಡಿಮೆ ಆಗಿ ಇಂಜಿನ್ ಬಿಸಿಯಾಗುತ್ತದೆ. ಹಳೆಯ ರಬ್ಬರ್ ಪೈಪು, ಓ-ರಿಂಗ್ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಟ್ಯಾಂಕಿನ ಹಳೆಯ ಕೊಳೆಯನ್ನು ಎಥೆನಾಲ್ ಸಡಿಲ ಮಾಡುತ್ತದೆ. ಅದು ಬಂದು ಫಿಲ್ಟರ್‌ನಲ್ಲಿ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಮೊದಲು ಹೇಳಿದ ಅಳತೆ ಗಾಜಿನಲ್ಲಿ ಆದಂತೆ ಟ್ಯಾಂಕಿನಲ್ಲೂ ನೀರು, ಎಥೆನಾಲ್ ಬೇರೆಯಾಗಿ ತಳಕ್ಕಿಳಿಯುತ್ತವೆ. ಹಾಗಾಗಿ ಪೈಪು, ಓ-ರಿಂಗ್ ಬದಲಿಸಿ. ಬಹಳ ದಿನ ನಿಲ್ಲಿಸುವುದಿದ್ದರೆ ಕಾರ್ಬುರೇಟರ್ ಖಾಲಿ ಮಾಡಿಸಿ. ದೊಡ್ಡ ಖರ್ಚೇನೂ ಅಲ್ಲ.

ಇನ್ನೂ ಜಾಸ್ತಿ ಬೆರೆಸಬಹುದಾ? ಅದಕ್ಕೆಂದೇ ಮಾಡಿದ ಇಂಜಿನ್ ಇದ್ದರೆ ಅಡ್ಡಿ ಇಲ್ಲ. ಬ್ರೆಜಿಲ್ 2025ರ ಆಗಸ್ಟ್‌ನಿಂದ 30 ಪರ್ಸೆಂಟ್ ಬೆರೆಸುತ್ತಿದೆ. ಯಾವ ಪ್ರಮಾಣಕ್ಕೂ ಒಗ್ಗುವ ಫ್ಲೆಕ್ಸ್ ಗಾಡಿಗಳು ಅಲ್ಲಿ 2003ರಿಂದಲೇ ಓಡುತ್ತಿವೆ. ನನ್ನ ಚಿಂತೆ ಹೊಲದ್ದು. ಒಂದು ಟನ್ ಕಬ್ಬಿನ ಹಾಲನ್ನೆಲ್ಲ ಎಥೆನಾಲ್ ಮಾಡಿದರೆ ಸಿಗುವುದು ಸುಮಾರು 70 ಲೀಟರ್. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕು ಅನ್ನುತ್ತದೆ ನೀತಿ ಆಯೋಗದ 2021ರ ವರದಿ. ಕೃಷ್ಣಾ, ಘಟಪ್ರಭಾ ನೀರಿನ ಮೇಲೆ ಬದುಕುವ ನಮಗೆ ಈ ಅಂಕಿಯ ಭಾರ ಗೊತ್ತು. 2023ರಲ್ಲಿ ಮಳೆ ಕೈಕೊಟ್ಟಿತು. ಆ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಈಗ ಮೆಕ್ಕೆಜೋಳ, ಅಕ್ಕಿಯ ಎಥೆನಾಲ್ ಕಬ್ಬಿನದ್ದನ್ನು ಮೀರಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ಮಾಡುವುದು ಸರಿ. ಎಥೆನಾಲ್‌ಗೆಂದೇ ಹೊಸದಾಗಿ ಕಬ್ಬು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಡೀಸೆಲ್. ಎಥೆನಾಲ್ ಡೀಸೆಲ್ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಎಣ್ಣೆಯಿಂದ ಮಾಡುವ ಬಯೋಡೀಸೆಲ್ ಅನ್ನು ಡೀಸೆಲ್‌ಗೆ ಬೆರೆಸಲು 2030ರ ಗುರಿ ಬರೀ 5 ಪರ್ಸೆಂಟ್. ಹೊಂಗೆ ಎಣ್ಣೆಯನ್ನು ಹಾಗೇ ಸುರಿಯುವವರಿಗೆ ಒಂದು ಮಾತು: ದಯವಿಟ್ಟು ಬೇಡ. ಹಸಿ ಎಣ್ಣೆ ಗಟ್ಟಿ, ಇಂಜೆಕ್ಟರ್‌ಗೆ ಅಂಟು ಕಟ್ಟುತ್ತದೆ. ಮೆಥೆನಾಲ್ ಜೊತೆ ರಾಸಾಯನಿಕ ಕ್ರಿಯೆ ಮಾಡಿಸಿ ಗ್ಲಿಸರಿನ್ ಬೇರ್ಪಡಿಸಿದ ಮೇಲಷ್ಟೇ ಅದು ಬಯೋಡೀಸೆಲ್. ಊರೊಳಗೆ ಓಡುವ ಸ್ಕೂಟರ್, ಆಟೋಗೆ ಕರೆಂಟೇ ಸಾಕು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಆದರೆ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಏನು? ಉತ್ತರ ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ ಇದೆ: ಪ್ರೆಸ್‌ಮಡ್, ಅಂದರೆ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಮಡ್ಡಿ. ಕಬ್ಬಿನ ತೂಕದಲ್ಲಿ ಅದು 3-4 ಪರ್ಸೆಂಟ್. ಸುಮಾರು 25 ಟನ್ ಪ್ರೆಸ್‌ಮಡ್ ಕೊಳೆಸಿ, ಬಂದ ಗ್ಯಾಸ್‌ನಿಂದ ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲ ತೆಗೆದು ಒತ್ತಿ ತುಂಬಿದರೆ 1 ಟನ್ ಇಂಧನ. ಗುಣದಲ್ಲಿ ಸಿಎನ್‌ಜಿಯೇ. ದಿನಕ್ಕೆ 10,000 ಟನ್ ಅರೆಯುವ ಕಾರ್ಖಾನೆಗೆ 12 ಟನ್ ಗ್ಯಾಸ್ ಕಷ್ಟವಲ್ಲ. ಒಂದು ಕೆ.ಜಿ. ಗ್ಯಾಸ್ ಹೆಚ್ಚುಕಡಿಮೆ ಒಂದು ಲೀಟರ್ ಡೀಸೆಲ್‌ಗೆ ಸಮ. ಸಿಎನ್‌ಜಿಗೆ ಬದಲಾಯಿಸಿದ ಟ್ರ್ಯಾಕ್ಟರನ್ನು 2021ರಲ್ಲೇ ದೆಹಲಿಯಲ್ಲಿ ತೋರಿಸಿದ್ದಾರೆ. ಸಿಲಿಂಡರ್ ಜಾಗ ತಿನ್ನುತ್ತದೆ, ದೂರ ಹೋಗಲಾಗದು ಅನ್ನುವ ಮಾತು ನಿಜ. ಆದರೆ ಕಬ್ಬಿನ ಟ್ರ್ಯಾಕ್ಟರ್ ಹತ್ತಿರದ ಹೊಲಕ್ಕೆ ಹೋಗಿ ಅದೇ ಗೇಟಿಗೆ ವಾಪಸ್ ಬರುತ್ತದೆ. ಪಾಳಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ತುಂಬಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ, ಜಾಗ ಬೇಕಾ?

2018ರ ಕೇಂದ್ರದ ಸತತ್ ಯೋಜನೆ ಇಂಥ 5,000 ಘಟಕಗಳ ಗುರಿ ಇಟ್ಟಿತ್ತು. ಅದರ ಹತ್ತಿರಕ್ಕೂ ಇನ್ನೂ ಬಂದಿಲ್ಲ. ಅರೆಯುವುದು ಕೆಲವೇ ತಿಂಗಳು, ಕೂಡಿಟ್ಟ ಪ್ರೆಸ್‌ಮಡ್ ಗ್ಯಾಸ್ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ. ಉಳಿದ ತಿಂಗಳಿಗೆ ಸಗಣಿಯೋ ಬೇರೆ ಕಸವೋ ಬೇಕು. ರೈತರಿಗೆ ಇನ್ನೊಂದು ಭಯ, ಹೊಲಕ್ಕೆ ಹಾಕುವ ಪ್ರೆಸ್‌ಮಡ್ ಗೊಬ್ಬರ ಹೋಗಿಬಿಡುತ್ತದೆ ಅಂತ. ಗ್ಯಾಸ್ ಆಗಿ ಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ ಉಳಿದ ರಾಡಿಯಲ್ಲೇ ಇರುತ್ತವೆ. ನಿಮ್ಮ ಕಾರ್ಖಾನೆಯಲ್ಲಿ ಇಂಥ ಘಟಕದ ಮಾತು ಬಂದರೆ ಸಭೆಯಲ್ಲಿ ಎದ್ದು ಎರಡು ಪ್ರಶ್ನೆ ಕೇಳಿ. ಆ ರಾಡಿ ನಮ್ಮ ಹೊಲಕ್ಕೆ ಯಾವ ದರಕ್ಕೆ ವಾಪಸ್ ಬರುತ್ತದೆ? ಗ್ಯಾಸ್ ತುಂಬುವ ಪಂಪ್ ಗೇಟಿನಲ್ಲೇ ಹಾಕುತ್ತೀರಾ?