ಬೇಕಂತಲೇ ಮಾಡಿದ ತಪ್ಪೇ ಬೀಗ: ಪೋಸ್ಟ್-ಕ್ವಾಂಟಮ್ ಟಿಪ್ಪಣಿ

ಮೊದಲು ನಾನು ಎಡವಿದ ಜಾಗ ಹೇಳಿಬಿಡುತ್ತೇನೆ. ಪೋಸ್ಟ್-ಕ್ವಾಂಟಮ್ ಕ್ರಿಪ್ಟೋಗ್ರಫಿಗೆ, ಅಂದರೆ ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದ ಗೂಢಲಿಪಿ ವಿದ್ಯೆಗೆ, ಕ್ವಾಂಟಮ್ ಕಂಪ್ಯೂಟರ್ ಬೇಕಿಲ್ಲ. ಅದು ಓಡುವುದು ಮಾಮೂಲಿ ಫೋನು, ಲ್ಯಾಪ್‌ಟಾಪಿನಲ್ಲೇ. ಕ್ವಾಂಟಮ್ ಯಂತ್ರ ಕಳ್ಳನ ಕೈಲಿದೆ ಅಂತ ಊಹಿಸಿಕೊಂಡು ಬೀಗ ಮಾಡುತ್ತೇವೆ, ಅಷ್ಟೇ.

1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತೋರಿಸಿದ ಕ್ವಾಂಟಮ್ ವಿಧಾನ ದೊಡ್ಡ ಸಂಖ್ಯೆಯನ್ನು ಅಪವರ್ತಿಸುತ್ತದೆ, ಡಿಸ್ಕ್ರೀಟ್ ಲಾಗರಿದಮ್ಮನ್ನೂ (ಶೇಷ ನೋಡಿ ಘಾತ ಹುಡುಕುವ ಲೆಕ್ಕ) ಬಿಡಿಸುತ್ತದೆ. ಅಲ್ಲಿಗೆ ಇಂಟರ್ನೆಟ್ಟಿನ ಗುಟ್ಟು ಕಾಯಲು ಇಂಥ ಲೆಕ್ಕಗಳನ್ನೇ ನೆಚ್ಚಿದ ಆರ್‌ಎಸ್‌ಎ, ಡಿಫಿ-ಹೆಲ್ಮನ್, ಎಲಿಪ್ಟಿಕ್ ಕರ್ವ್ ಮೂರೂ ಕೈಕೊಟ್ಟ ಹಾಗೆ. ಮೂರರ ಒಳಗೂ ಮತ್ತೆ ಮತ್ತೆ ಮರುಕಳಿಸುವ ಒಂದು ಆವರ್ತ ಅಡಗಿದೆ. ಅದನ್ನು ಹಿಡಿಯುವುದರಲ್ಲೇ ಕ್ವಾಂಟಮ್ ಯಂತ್ರ ನಿಸ್ಸೀಮ. ಎರಡೂ ಕಡೆ ಒಂದೇ ಕೀ ಬಳಸುವ ಎಇಎಸ್ ವಿಷಯದಲ್ಲಿ ಅಷ್ಟು ಗಾಬರಿ ಬೇಡ: 1996ರ ಗ್ರೋವರ್ ಎಂಬ ಕ್ವಾಂಟಮ್ ವಿಧಾನ ಕೀ ಹುಡುಕಾಟವನ್ನು ವರ್ಗಮೂಲದಷ್ಟಕ್ಕೆ ಮಾತ್ರ ಇಳಿಸುತ್ತದೆ, 256 ಬಿಟ್ ಕೀ ಇಟ್ಟರೆ ಆಯಿತು.

ಅಂಥ ಯಂತ್ರ ಇನ್ನೂ ಬಂದಿಲ್ಲವಲ್ಲ, ಈಗಲೇ ಏನವಸರ? ಇವತ್ತಿನ ಗೂಢಲಿಪಿಯನ್ನು ಕದ್ದು ಕೂಡಿಟ್ಟು, ಯಂತ್ರ ಬಂದ ದಿನ ಬಿಡಿಸಬಹುದು. ಇಪ್ಪತ್ತು ವರ್ಷ ಗುಟ್ಟಾಗಿರಬೇಕಾದ ಕಡತಕ್ಕೆ ಅಪಾಯ ಇವತ್ತಿನದೇ.

ಈಗ ತಿರುಳಿಗೆ ಬರೋಣ. ಹೊಸ ಬೀಗದ ಬುಡದಲ್ಲಿರುವುದು 2005ರಲ್ಲಿ ಗಣಕ ವಿಜ್ಞಾನಿ ಓಡೆಡ್ ರೆಗೆವ್ ಮುಂದಿಟ್ಟ ‘ಲರ್ನಿಂಗ್ ವಿತ್ ಎರರ್ಸ್’, ಅಂದರೆ ತಪ್ಪು ಬೆರೆತ ಸಮೀಕರಣಗಳಿಂದ ಗುಟ್ಟು ಹುಡುಕುವ ಲೆಕ್ಕ. ಅದನ್ನು ಓದಿದರೆ ಸಾಲದು, ಪೆನ್ನು ಹಿಡಿದು ಮಾಡಿ. ಎಲ್ಲ ಉತ್ತರವನ್ನೂ 17ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಗುಟ್ಟು: ಕ = 3, ಖ = 5.

4ಕ + 7ಖ = 13
2ಕ + 9ಖ = 0

ಹೈಸ್ಕೂಲಿನ ವರ್ಜಿಸುವ ವಿಧಾನ ಹಾಕಿದರೆ ಗುಟ್ಟು ಎರಡೇ ನಿಮಿಷಕ್ಕೆ ಹೊರಗೆ. ಈಗ ಎರಡೂ ಉತ್ತರಕ್ಕೆ ಬೇಕಂತಲೇ 1 ಸೇರಿಸಿ, 14 ಮತ್ತು 1 ಎಂದು ಪ್ರಕಟಿಸಿ. ಅದೇ ವಿಧಾನ ಹಾಕಿ ನೋಡಿ: ಕ = 0, ಖ = 2! ತಪ್ಪು ಒಂದೇ ಒಂದು ಅಂಕಿಯದು, ಉತ್ತರ ಮಾತ್ರ ಎಲ್ಲೋ ಹೋಯಿತು. ಸಮೀಕರಣ ಕಳೆದು ಕೂಡಿದಂತೆಲ್ಲ ತಪ್ಪೂ ಬೆಳೆಯುತ್ತದೆ.

ಹಾಗಾದರೆ ಗುಟ್ಟು ಬಲ್ಲವನಿಗೆ ಇದರಿಂದೇನು ಉಪಯೋಗ? ಅವನಿಗೆ ಒಂದು ಬಿಟ್ (0 ಅಥವಾ 1) ಕಳಿಸೋಣ. ಪ್ರಕಟವಾದ ಎರಡೂ ಸಮೀಕರಣ ಕೂಡಿ: 6ಕ + 16ಖ = 15. ಬಿಟ್ 1 ಆಗಿದ್ದರೆ 17ರ ಸುಮಾರು ಅರ್ಧ, ಅಂದರೆ 8 ಸೇರಿಸಿ, ಶೇಷ 6. ಬಿಟ್ 0 ಆಗಿದ್ದರೆ 15 ಹಾಗೇ ಹೋಗಲಿ. ಪಡೆದವನು 3, 5 ಹಾಕಿ ನಿಜವಾದ ಮೊತ್ತ 13 ಎಂದು ತಿಳಿದು, ಬಂದದ್ದರಿಂದ ಕಳೆಯುತ್ತಾನೆ. 10 ಸಿಕ್ಕರೆ ಅದು 8ಕ್ಕೆ ಹತ್ತಿರ, ಬಿಟ್ 1. 2 ಸಿಕ್ಕರೆ 0ಗೆ ಹತ್ತಿರ, ಬಿಟ್ 0. ಸಣ್ಣ ತಪ್ಪು ಅವನಿಗೆ ಲೆಕ್ಕಕ್ಕೇ ಇಲ್ಲ.

ನಮ್ಮ ಎರಡು ಅಕ್ಷರದ ಆಟವನ್ನು ಯಾರಾದರೂ ಎಲ್ಲ ಬೆಲೆ ಹಾಕಿ ನೋಡಿ ಮುರಿಯಬಹುದು. ಇದೇ ಉಪಾಯದ ಮೇಲೆ ನಿಂತ ಕೈಬರ್ ಎಂಬ ನಿಜವಾದ ಬೀಗದಲ್ಲಿ 17ರ ಜಾಗದಲ್ಲಿ 3329, ಒಂದೊಂದು ಅಕ್ಷರದ ಜಾಗದಲ್ಲಿ 256 ಗುಣಾಂಕಗಳ ಬಹುಪದ. ಶೋರ್ ವಿಧಾನಕ್ಕೆ ಹಿಡಿಯಲು ಇಲ್ಲಿ ಆವರ್ತ ಸಿಕ್ಕಿಲ್ಲ. ‘ಸಿಕ್ಕಿಲ್ಲ’ ಅನ್ನುವ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಮುರಿಯಲಾಗದು ಎಂದು ಯಾರೂ ಸಾಧಿಸಿ ತೋರಿಸಿಲ್ಲ. ಮಾನಕಗಳನ್ನು ಗೊತ್ತುಮಾಡುವ ಅಮೆರಿಕದ ನಿಸ್ಟ್ ಸಂಸ್ಥೆಯ ಪೋಸ್ಟ್-ಕ್ವಾಂಟಮ್ ಬೀಗಗಳ ಆಯ್ಕೆಯಲ್ಲಿ ನಾಲ್ಕನೇ ಸುತ್ತಿನವರೆಗೂ ಬಂದಿದ್ದ ಸೈಕ್ ಎಂಬ ಬೇರೆ ಜಾತಿಯ ವಿಧಾನವನ್ನು 2022ರಲ್ಲಿ ಕಾಸ್ಟ್ರಿಕ್ ಮತ್ತು ಡೆಕ್ರು ಮುರಿದರು. ಕ್ವಾಂಟಮ್ ಯಂತ್ರದಿಂದಲ್ಲ, ಸಾಮಾನ್ಯ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ, ಸುಮಾರು ಒಂದು ಗಂಟೆಯಲ್ಲಿ!

ಕೈಬರ್ 2024ರ ಆಗಸ್ಟ್‌ನಲ್ಲಿ ಎಂಎಲ್-ಕೆಇಎಂ ಹೆಸರಲ್ಲಿ ನಿಸ್ಟ್ ಮಾನಕವಾಯಿತು. ಆದರೂ ಬ್ರೌಸರುಗಳು ಅದೊಂದನ್ನೇ ನೆಚ್ಚಿಕೊಂಡಿಲ್ಲ. ಹಳೆಯ ಎಲಿಪ್ಟಿಕ್ ಕರ್ವ್‌ನ 32 ಬೈಟ್ ಕೀ ಜೊತೆಗೇ ಹೊಸತರ 1184 ಬೈಟ್ ಕೀಯನ್ನೂ ಕಳಿಸುತ್ತವೆ. ಒಳಗೆ ನುಗ್ಗುವವನು ಎರಡೂ ಬೀಗ ಒಡೆಯಬೇಕು.