ಗಿರಣಿ ಹುಡುಗಿಯರು ತಾವೇ ಬರೆದದ್ದನ್ನು ಹೇಗೆ ಓದಬೇಕು?

ಪ್ರಶ್ನೆ: ಹಳೆಯ ಅಮೆರಿಕನ್ ಸಾಹಿತ್ಯದಲ್ಲಿ ದುಡಿಯುವವರು ತಮ್ಮ ಬದುಕನ್ನು ತಾವೇ ಬರೆದದ್ದು ಸಿಗುತ್ತದೆಯೇ? ಅಥವಾ ಎಲ್ಲವೂ ಹೊರಗಿನವರು ಬರೆದದ್ದೇ?

ಉತ್ತರ: ಸಿಗುತ್ತದೆ. ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನಿಂದ ಶುರು ಮಾಡಿ. ಅಲ್ಲಿನ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು, ಬಹುಪಾಲು ರೈತರ ಮನೆಯವರು, 1840ರಿಂದ 1845ರವರೆಗೆ ‘ಲೋವೆಲ್ ಆಫರಿಂಗ್’ ಪತ್ರಿಕೆಗೆ ಕಥೆ, ಕವಿತೆ, ಪ್ರಬಂಧ ಬರೆದರು. ಹೆಚ್ಚಿನವು ಬರೀ ಇನಿಷಿಯಲ್ ಅಥವಾ ಗುಪ್ತನಾಮದಲ್ಲಿವೆ.

ಇದೊಂದನ್ನೇ ಓದಿದವರು ಎಡವುತ್ತಾರೆ. ಗಿರಣಿ ಅಂದರೆ ಕಿಟಕಿಯಲ್ಲಿ ಹೂಗಿಡ, ಸಂಜೆ ಉಪನ್ಯಾಸ ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಸಂಬಳ, ಊಟ-ವಸತಿಯ ದರ ತಮಗೆ ಸಂಬಂಧಿಸಿದ್ದಲ್ಲ ಎಂಬುದು ಸಂಪಾದಕಿಯರ ನಿಲುವಾಗಿತ್ತು. ಆದರೆ ಅದೇ ಊರಿನಲ್ಲಿ 1834ರಲ್ಲಿ ಕೂಲಿ ಕಡಿತಕ್ಕೆ, 1836ರಲ್ಲಿ ಕಂಪನಿ ವಸತಿಯ ದರ ಏರಿಸಿದ್ದಕ್ಕೆ ಹುಡುಗಿಯರು ಕೆಲಸ ಬಿಟ್ಟು ಬೀದಿಗಿಳಿದಿದ್ದರು.

ಆದ್ದರಿಂದ ಒಬ್ಬಳನ್ನೇ ಎರಡು ಕಡೆ ಓದಿ. ಲೋವೆಲ್ ಗಿರಣಿಯ ಕೆಲಸಗಾರ್ತಿ ಸಾರಾ ಬ್ಯಾಗ್ಲಿ 1840ರಲ್ಲಿ ‘ಆಫರಿಂಗ್’ಗೆ ಗಿರಣಿ ಬದುಕಿನ ಸುಖಗಳ ಬಗ್ಗೆಯೇ ಬರೆದಳು. 1845ಕ್ಕೆ ಅವಳು ಹತ್ತು ಗಂಟೆ ದುಡಿಮೆಗಾಗಿ ಹೋರಾಡುವ ಕಾರ್ಮಿಕ ಸಂಘದ ಮುಂದಾಳು. ಕಾರ್ಮಿಕರ ಪರವಾದ ‘ವಾಯ್ಸ್ ಆಫ್ ಇಂಡಸ್ಟ್ರಿ’ ಪತ್ರಿಕೆಯಲ್ಲಿ ಅವಳ ಧಾಟಿಯೇ ಬೇರೆ. ಟೀಕೆ ಬರೆದರೆ ‘ಆಫರಿಂಗ್’ ಹಾಕುವುದಿಲ್ಲ ಎಂದು ಬಹಿರಂಗವಾಗಿ ದೂರಿದ್ದೂ ಆಗಲೇ.

ದಿನಚರಿಯ ವಿವರ ಬೇಕಿದ್ದರೆ ಚಿಕ್ಕಂದಿನಲ್ಲೇ ಲೋವೆಲ್ ಗಿರಣಿ ಸೇರಿದ್ದ ಹ್ಯಾರಿಯೆಟ್ ರಾಬಿನ್ಸನ್‌ಳ 1898ರ ನೆನಪುಗಳಿವೆ. ಬೆಳಗ್ಗೆ ಐದರಿಂದ ಸಂಜೆ ಏಳರವರೆಗೆ ಕೆಲಸ, ತಿಂಡಿಗೂ ಊಟಕ್ಕೂ ಅರ್ಧರ್ಧ ಗಂಟೆ. ನೂಲು ತುಂಬಿದ ಬಾಬಿನ್ (ನೂಲು ಸುತ್ತುವ ಉರುಳೆ) ಬದಲಿಸುವ ಚಿಕ್ಕ ಹುಡುಗಿಯರಿಗೆ ಗಂಟೆಗೆ ಹದಿನೈದು ನಿಮಿಷದಷ್ಟೇ ಕೆಲಸ; ಆದರೆ ದಿನವಿಡೀ ಅಲ್ಲೇ ಇರಬೇಕು. ಆರು ದಶಕ ಕಳೆದ ಮೇಲೆ ಬರೆದದ್ದು, ಕಹಿ ಕೊಂಚ ಕಡಿಮೆಯೇ.

ಕೂಲಿ ಯಾರ ಕೈ ಸೇರುತ್ತದೆ ಎಂಬುದನ್ನು, ಗುಲಾಮನಾಗಿ ಹುಟ್ಟಿದ ಕಪ್ಪು ಲೇಖಕ ಫ್ರೆಡರಿಕ್ ಡಗ್ಲಸ್‌ನಷ್ಟು ಖಚಿತವಾಗಿ ಬರೆದವರು ಕಡಿಮೆ. ಬಾಲ್ಟಿಮೋರ್‌ನಲ್ಲಿ ಹಡಗಿನ ಹಲಗೆಗಳ ಸಂದು ಮುಚ್ಚುವ ಕೆಲಸ. ದಿನಕ್ಕೆ ಒಂದೂವರೆ ಡಾಲರ್ ದುಡಿದರೂ ಪ್ರತಿ ಸೆಂಟೂ ಒಡೆಯನಿಗೆ. ಹಡಗುಕಟ್ಟೆಯಲ್ಲಿ ಅವನನ್ನು ಹೊಡೆದವರು ಜೊತೆಗೆ ದುಡಿಯುತ್ತಿದ್ದ ಬಿಳಿಯ ಕೆಲಸಗಾರರೇ. ‘ದುಡಿಯುವ ವರ್ಗ’ ಒಂದೇ ಎಂದು ಹೊರಟವರು ಅವನ 1845ರ ಆತ್ಮಕಥೆಯ ಈ ಪುಟಗಳ ಮುಂದೆ ನಿಲ್ಲಲೇಬೇಕು.

ರೆಬೆಕಾ ಹಾರ್ಡಿಂಗ್ ಡೇವಿಸ್ 1861ರಲ್ಲಿ ಪ್ರಕಟಿಸಿದ ಕಬ್ಬಿಣ ಕಾರ್ಖಾನೆಯ ಕಥೆ ಸಾಹಿತ್ಯವಾಗಿ ಇವೆಲ್ಲಕ್ಕಿಂತ ಗಟ್ಟಿ. ಆದರೆ ಆಕೆ ಅನುಕೂಲಸ್ಥರ ಮನೆಯಲ್ಲಿದ್ದು ಕುಲುಮೆಯ ಊರನ್ನು ಕಂಡವಳು. ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಅದನ್ನು ಇಟ್ಟುಕೊಳ್ಳಿ.